ಇಪ್ಪತ್ತಾರು ಬಾಗಿಲು

ಚಿಗುಸಾಳ ಮನೆಯಲ್ಲಿ ಏಳು ಜೊತೆ ಮರದ ಚಪ್ಪಲಿಗಳಿದ್ದವು. ಎಂಟನೆಯ ವಯಸ್ಸಿನಿಂದ ಅವಳು ಒಂದು ಹೆಜ್ಜೆಯೂ ನಡೆದವಳಲ್ಲ.

ಅವಳಿಗೆ ಚಪ್ಪಲಿಯ ಹುಚ್ಚೇನೂ ಇರಲಿಲ್ಲ. ನಾಲ್ಕು ಜನರ ಕೈಲಿ ಹೊರಿಸಿಕೊಂಡು ಅಂಗಡಿಯ ಒಳಗೆ ಹೋದವಳು ಬರಿಗೈಲಿ ಹೊರಗೆ ಬರಲಾಗುವುದಿಲ್ಲ, ಅಷ್ಟೇ.

ಟೋಕಿಯೋದ ಕೆಳಪೇಟೆಯ ಹಿನೋದೆ ಬೀದಿಯಲ್ಲಿ ಇಪ್ಪತ್ತಾರು ಅಂಗಡಿ. ಇಪ್ಪತ್ತಾರಕ್ಕೂ ಕಲ್ಲಿನ ಮೆಟ್ಟಿಲು. ಎತ್ತರ ಒಂದು ಗೇಣು. ನಡೆಯುವವರಿಗೆ ಅಲ್ಲೊಂದು ಮೆಟ್ಟಿಲಿದೆ ಎಂಬುದೇ ಗೊತ್ತಿರಲಿಲ್ಲ. ಚಿಗುಸಾಳ ಮೋಟಾರು ಕುರ್ಚಿಗೆ ಅದು ಗೋಡೆ. ಕುರ್ಚಿ ಬ್ಯಾಟರಿ ಸೇರಿ ಎಂಬತ್ತು ಕಿಲೋ, ಅವಳು ನಲವತ್ತನಾಲ್ಕು. ಅವಳು ಮೆಟ್ಟಿಲ ಮುಂದೆ ನಿಂತರೆ ಸಾಕು, ಅಕ್ಕಪಕ್ಕದ ಅಂಗಡಿಯವರು ಓಡಿ ಬರುತ್ತಿದ್ದರು. ಕೇಳುತ್ತಿರಲಿಲ್ಲ, ಹಿಡಿಯುತ್ತಿದ್ದರು. ಮುಖ ಕೆಂಪಾಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಅಷ್ಟು ಬೆವರು ಸುರಿಸಿದವರ ಮುಂದೆ 'ಸುಮ್ಮನೆ ನೋಡೋಕೆ ಬಂದೆ' ಅನ್ನುವುದು ಹೇಗೆ? ಕೊಳ್ಳುತ್ತಿದ್ದಳು. ಮೂರು ವರ್ಷಕ್ಕಾಗುವಷ್ಟು ಮೂಲಂಗಿ ಉಪ್ಪಿನಕಾಯಿ ಕೊಂಡಿದ್ದಳು. ಐದು ಟೀ ಕುಡಿಕೆ ಕೊಂಡಿದ್ದಳು. ಕ್ಷೌರದಂಗಡಿಯವನು ತಪ್ಪು ತಿಳಿದು ಒಳಗೆ ಹೊತ್ತೊಯ್ದಾಗ ಸುಮ್ಮನೆ ಕೂತು ಕೂದಲು ಕತ್ತರಿಸಿಕೊಂಡಿದ್ದಳು. ಒಂದೇ ತಿಂಗಳಲ್ಲಿ ಮೂರು ಸಲ. ಫೋಟೋ ನೋಡಿದ ಅವಳ ತಾಯಿ ಊರಿಂದ ಫೋನ್ ಮಾಡಿ, "ಸನ್ಯಾಸ ತಗೊಂಡ್ಯಾ?" ಎಂದು ಕೇಳಿದ್ದಳು.

ಹೊರಗೇ ನಿಂತರೆ ಇನ್ನೊಂದು ಬಗೆಯ ಕಷ್ಟ. ಕರಿದ ಆಲೂಗೆಡ್ಡೆ ವಡೆ ಮಾರುವವಳು ಚಿಗುಸಾಳನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ಅಂಚೆಯವನನ್ನು ಕೇಳುತ್ತಿದ್ದಳು:

"ಇವರಿಗೆ ಏನು ಬೇಕಂತೆ?"

"ನಂಗೇನ್ ಗೊತ್ತು? ನಾನು ಕಾಗದ ಕೊಡೋಕೆ ಬಂದೋನು."

"ಕೇಳಿ ಹೇಳಿ."

ಅಂಚೆಯವನು ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, "ಏನು! ಬೇಕಂತೆ!" ಎನ್ನುತ್ತಿದ್ದ. ಚಿಗುಸಾ ಅವನಿಗೆ ಹೇಳುತ್ತಿದ್ದಳು, ಅವನು ವಡೆಯವಳಿಗೆ ಹೇಳುತ್ತಿದ್ದ. ವಡೆ ಅಂಚೆಯವನ ಕೈಗೆ ಬರುತ್ತಿತ್ತು.

ಚಿಗುಸಾಗೆ ಮೂವತ್ತೊಂದು ವರ್ಷ. ನೀರು ಕಾಯಿಸುವ ಯಂತ್ರಗಳ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ನೀರು ಕಾಯದವರು, ಮೈ ಸುಟ್ಟುಕೊಂಡವರು ಫೋನ್ ಮಾಡಿ ಬೈಯುತ್ತಿದ್ದರು. ಇವಳು ಕ್ಷಮೆ ಕೇಳುತ್ತಿದ್ದಳು. ದಿನಕ್ಕೆ ಇನ್ನೂರು ಸಲ. ಅದಕ್ಕೆ ಸಂಬಳವಿತ್ತು. ಬೀದಿಗೆ ಬಂದರೆ ಅದೇ ಕೆಲಸ ಪುಕ್ಕಟೆ. ಎತ್ತಿದವರಿಗೆ ಕ್ಷಮಿಸಿ, ಇಳಿಸಿದವರಿಗೆ ಕ್ಷಮಿಸಿ, ದಾರಿ ಬಿಟ್ಟವರಿಗೆ, ದಾರಿ ಬಿಡದವರಿಗೆ.

ಅವಳಿಗೆ ಬೇಕಾದದ್ದು ಒಂದೇ. ಬೀದಿಯ ಕೊನೆಯಲ್ಲಿ ತೋಕಿ ಅಜ್ಜಿಯ ಪಿಂಗಾಣಿ ಅಂಗಡಿಯಿತ್ತು. ಅದರೊಳಗೆ ಒಬ್ಬಳೇ ಹೋಗಬೇಕು. ಬಟ್ಟಲುಗಳನ್ನು ಒಂದೊಂದಾಗಿ ಎತ್ತಬೇಕು, ತಿರುಗಿಸಿ ತಳ ನೋಡಬೇಕು, ಇಡಬೇಕು. ಏನೂ ಕೊಳ್ಳದೆ ಹೊರಗೆ ಬರಬೇಕು. ಬೀದಿಯ ಎಲ್ಲ ಹೆಂಗಸರೂ ಮಾಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದ ಕೆಲಸ ಅದು.

ಅಂಗಡಿಕಾರರ ಸಂಘಕ್ಕೆ ನಾಲ್ಕು ಸಲ ಅರ್ಜಿ ಬರೆದಳು. ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕಿ ಎಂದು. ನಾಲ್ಕು ಸಲವೂ ಅಧ್ಯಕ್ಷ ಹೋಂಜೋ ಮಿಠಾಯಿ ಡಬ್ಬಿ ಹಿಡಿದು ಮನೆಗೆ ಬಂದರು. ಆ ಬೀದಿಯಲ್ಲಿ 'ಆಗಲ್ಲ' ಎಂದು ಬಾಯಿಬಿಟ್ಟು ಹೇಳುವ ವಾಡಿಕೆಯಿಲ್ಲ, ಹೂರಣದ ಮಿಠಾಯಿ ತಂದು ಕೊಡುತ್ತಾರೆ. ಡಬ್ಬಿ ದೊಡ್ಡದಿದ್ದಷ್ಟೂ 'ಆಗಲ್ಲ' ಗಟ್ಟಿ. ನಾಲ್ಕನೆಯದು ಎರಡಂತಸ್ತಿನ ಡಬ್ಬಿ.

ಹೋಂಜೋ ಎಪ್ಪತ್ತರ ಆಸಾಮಿ. ಮರದ ಚಪ್ಪಲಿ ಅಂಗಡಿ ಅವರದೇ. ಬೀದಿಯಲ್ಲಿ ಎಲ್ಲರನ್ನೂ ಅವರವರ ಅಂಗಡಿಯ ಹೆಸರಿನಿಂದಲೇ ಕರೆಯುವುದು. ಮೀನು-ಸಾನ್, ತೋಫು-ಸಾನ್, ಅಂದರೆ ಮೀನಿನವರು, ತೋಫುವಿನವರು. ಅಂಗಡಿಯಿಲ್ಲದ ಚಿಗುಸಾ ಅವರ ಬಾಯಲ್ಲಿ ಕುರ್ಚಿ-ಸಾನ್ ಆಗಿದ್ದಳು.

"ಕುರ್ಚಿ-ಸಾನ್, ನಮ್ಮ ಬೀದಿ ಅಂದ್ರೆ ಹಳೇ ಕಾಲ," ಎಂದರು ಹೋಂಜೋ. "ಜನ ಬರೋದೇ ಅದನ್ನ ನೋಡೋಕೆ. ಕಲ್ಲಿನ ಮೇಲೆ ಹಲಗೆ ಬಿದ್ರೆ ನೋಟ ಕೆಟ್ಟುಹೋಗುತ್ತೆ."

"ನಿಮ್ಮ ಅಂಗಡಿ ಮುಂದೆ ತಂಪು ಪಾನೀಯದ ಮಷಿನ್ ಇದೆಯಲ್ಲ, ಅದು ಹಳೇ ಕಾಲದ್ದಾ?"

"ಅದು ಬೇರೆ."

"ಹೇಗೆ ಬೇರೆ?"

ಹೋಂಜೋ ಯೋಚಿಸಿದರು. "ಅದನ್ನ ನಾನು ಆಗ್ಲೇ ಇಟ್ಟಾಯ್ತು."

ಆಮೇಲೆ ದನಿ ತಗ್ಗಿಸಿ, "ಹಲಗೆ ಇಲ್ದಿದ್ರೆ ಏನಂತೆ, ನಮಗೆ ಮನಸ್ಸಿದೆ. ಮನಸ್ಸಿಗೆ ಮೆಟ್ಟಿಲಿಲ್ಲ. ಯಾವಾಗ ಬೇಕಾದ್ರೂ ಕೂಗಿ, ಹೊರ್ತೀವಿ," ಎಂದರು.

"ಮನಸ್ಸಿನ ಮೇಲೆ ಗಾಲಿ ಉರುಳಲ್ಲ, ಅಧ್ಯಕ್ಷರೇ."

"ಮಿಠಾಯಿ ಇವತ್ತೇ ತಿಂದ್ಬಿಡಿ. ನಾಳೆಗೆ ಗಟ್ಟಿಯಾಗುತ್ತೆ," ಎಂದು ಹೋಂಜೋ ಎದ್ದರು.

ನವೆಂಬರಿನಲ್ಲಿ ವಾರ್ಡು ಕಚೇರಿಯವರು ಒಂದು ಸ್ಪರ್ಧೆ ಇಟ್ಟರು. ಅತಿ ಹೆಚ್ಚು ಕರುಣೆಯಿರುವ ಅಂಗಡಿಬೀದಿ ಯಾವುದು ಎಂದು. ಭಾನುವಾರ ಮೂವರು ತೀರ್ಪುಗಾರರು ಬರುವವರಿದ್ದರು. ಹೋಂಜೋ ಐದನೆಯ ಸಲ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಅಂದರೆ ಈ ಸಲ ಅವರಿಗೇ ಏನೋ ಬೇಕಾಗಿತ್ತು.

"ಅವರ ಎದುರಿಗೆ ನಿಮ್ಮನ್ನ ಹೊರ್ತೀವಿ. ಹಬ್ಬದ ಕೋಟು ಹಾಕ್ಕೊಂಡು, ಚೆನ್ನಾಗಿ. ನೀವು ಸುಮ್ನೆ ಕೂತಿರಿ. ಕೊನೇಲಿ ತಲೆ ಬಗ್ಗಿಸಿ 'ತೊಂದರೆ ಕೊಟ್ಟೆ, ಕ್ಷಮಿಸಿ' ಅಂದ್ರೆ ಮುಗೀತು. ಕಣ್ಣಲ್ಲಿ ನೀರು ಬಂದ್ರೆ ಇನ್ನೂ ಒಳ್ಳೇದು. ಬಲವಂತ ಇಲ್ಲ."

"ಯಾವ ಅಂಗಡಿಗೆ ಹೊರ್ತೀರಿ?"

"ನೀವು ಹೇಳಿದ್ದಕ್ಕೆ."

"ತೋಕಿ ಅಜ್ಜಿ ಅಂಗಡಿಗೆ."

ತೀರ್ಪುಗಾರರ ಎದುರಿಗೆ ಬರಿಗೈಲಿ ಹೊರಬಂದರೆ ಯಾರೂ ಮುಖ ಗಂಟಿಕ್ಕಲಾರರು ಎಂಬುದು ಅವಳ ಲೆಕ್ಕ. ಒಪ್ಪಿದಳು.

ಭಾನುವಾರ ಬೆಳಗ್ಗೆಯಿಂದ ಅವಳು ನೀರು ಕುಡಿದಿರಲಿಲ್ಲ. ಬೀದಿಯಲ್ಲಿ ಅವಳು ಹೋಗಬಲ್ಲ ಶೌಚಾಲಯ ಒಂದೂ ಇಲ್ಲ. ಹೊರಗೆ ಹೊರಟ ದಿನವೆಲ್ಲ ಅವಳದು ಒಣ ಬಾಯಿ.

ಆರು ಗಂಡಸರು ನೀಲಿ ಕೋಟು ಹಾಕಿ, ತಲೆಗೆ ಪಟ್ಟಿ ಬಿಗಿದು ನಿಂತಿದ್ದರು. ಮೀನಂಗಡಿಯ ದೈಗೋ, ತೋಫು ಮಾಡುವವನು, ಕ್ಷೌರದ ಮುಕಾಯ್, ಇನ್ನು ಮೂವರು. ಹೋಂಜೋ ಕತ್ತಿಗೆ ಸೀಟಿ ನೇತುಹಾಕಿಕೊಂಡಿದ್ದರು. ಜೊತೆಗೆ, ಆರು ಜನರ ಹೆಗಲಿಗೂ ಸರಿಯಾಗಲಿ ಎಂದು, ಗುಡಿಯ ಹಿಂದಿನ ಕೊಟ್ಟಿಗೆಯಿಂದ ದೇವರ ಪಲ್ಲಕ್ಕಿಯ ಎರಡು ಕೋಲು ತರಿಸಿದ್ದರು. ಅವನ್ನು ಕುರ್ಚಿಯ ಕೆಳಗೆ ತೂರಿಸಿ ಹಗ್ಗದಲ್ಲಿ ಕಟ್ಟಿದರು.

ಹಗ್ಗ ಬಿಗಿಯುವಾಗ ದೈಗೋನ ಕೈ ಅವಳ ತೊಡೆಯ ಮೇಲಿತ್ತು. ಮೀನಿನ ತಣ್ಣನೆಯ ಕೈ. ಮುಕಾಯ್‌ನ ಹೆಬ್ಬೆರಳು ಅವಳ ಕಂಕುಳಲ್ಲಿ. ಯಾರೋ ತಲೆ ಸವರಿದರು. ಯಾರದೆಂದು ನೋಡಲು ಕತ್ತು ತಿರುಗಿಸುವಷ್ಟರಲ್ಲಿ ಸೀಟಿ ಕೂಗಿತು.

"ವಾಶ್ಶೋಯ್! ವಾಶ್ಶೋಯ್!"

ಪಲ್ಲಕ್ಕಿ ಹೊರುವವರ ಆ ಹಬ್ಬದ ಕೂಗಿನೊಂದಿಗೆ ಕುರ್ಚಿ ಹೆಗಲೇರಿತು. ಪಲ್ಲಕ್ಕಿ ಹೊತ್ತು ಅಭ್ಯಾಸವಿದ್ದವರು ಕೋಲು ಸಿಕ್ಕಿದ ಕೂಡಲೇ ಕುಣಿಸತೊಡಗಿದರು. ಚಿಗುಸಾಳ ಹಲ್ಲು ಕಟಕಟ ಎಂದವು. ಅಂಗಡಿಗಳ ಹೆಸರು ಹಲಗೆಗಳ ನೆತ್ತಿ ಅವಳಿಗೆ ಮೊದಲ ಸಲ ಕಂಡಿತು. ಪಾರಿವಾಳದ ಹಿಕ್ಕೆ ಬಿಟ್ಟರೆ ಮೇಲೆ ಏನೂ ಇರಲಿಲ್ಲ.

ತೀರ್ಪುಗಾರರು ಬರೆದುಕೊಳ್ಳುತ್ತಿದ್ದರು. ಫೋಟೋದವನು ಹಿಂದಕ್ಕೆ ನಡೆಯುತ್ತ ಬಂದ. ತೋಕಿ ಅಜ್ಜಿಯ ಅಂಗಡಿ ತಲುಪಿದಾಗ, ಎಂಬತ್ತೆರಡರ ಅಜ್ಜಿ ಧೂಳು ಒರೆಸುವ ಬಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಿಲ್ಲಿ! ಆ ಕೋಲು ಯಾವುದು?"

"ಪಲ್ಲಕ್ಕೀದು, ಅಜ್ಜಿ," ಎಂದ ದೈಗೋ.

"ಕೋಟು?"

"ಹಬ್ಬದ್ದು."

"ಈಗ ಕೂಗಿದ್ದು ಏನು?"

"ವಾಶ್ಶೋಯ್."

"ಹಾಗಾದ್ರೆ ಇದು ಪಲ್ಲಕ್ಕಿ," ಎಂದಳು ಅಜ್ಜಿ. "ನಂದು ಕೊನೇ ಬಾಗಿಲು. ಮೊದಲ ಬಾಗಿಲಿಂದ ಬನ್ನಿ. ಇಪ್ಪತ್ತಾರು ಬಾಗಿಲೂ ಮುಗಿಯೋವರೆಗೆ ನೆಲ ಮುಟ್ಟಿಸೋ ಹಾಗಿಲ್ಲ."

ಹೋಂಜೋ ನಕ್ಕರು. "ಅಜ್ಜಿ, ಇದು ಸುಮ್ನೆ ತೋರಿಸೋಕೆ..."

"ನಮ್ಮ ಮಾವನ ಕಾಲದಲ್ಲೂ ಹಾಗೇ ಅಂದು ಅರ್ಧ ದಾರೀಲಿ ಇಳಿಸಿದ್ರು. ಆ ಚಳಿಗಾಲ ಮೂರು ಅಂಗಡಿ ಸುಟ್ಟುಹೋಯ್ತು. ಕೋಲಿಗೆ ತಮಾಷೆ ತಿಳಿಯಲ್ಲ, ಚಪ್ಪಲಿ-ಸಾನ್."

ಹೊತ್ತವರ ಮುಖ ಬಿಳುಚಿತು. ಸುಟ್ಟ ಮೂರರಲ್ಲಿ ಒಂದು ದೈಗೋನ ಅಜ್ಜನದು. ಅವನು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ. ತೀರ್ಪುಗಾರರಲ್ಲಿ ಒಬ್ಬ, "ಆಹಾ, ಸಂಪ್ರದಾಯ," ಎಂದು ಬರೆದುಕೊಂಡ.

ಹೋಂಜೋ ತುದಿಗಾಲಲ್ಲಿ ನಿಂತು ಚಿಗುಸಾಳ ಕಡೆ ಪಿಸುಗುಟ್ಟಿದರು. "ಬೇಗ ಆ ಮಾತು ಹೇಳಿಬಿಡಿ. ತಲೆ ಬಗ್ಗಿಸಿ. ಅವರು ಹೊರಟುಹೋದ್ರೆ ಮೆಲ್ಲಗೆ ಇಳಿಸ್ತೀವಿ."

ಆ ಮಾತು ಅವಳ ಗಂಟಲಿಗೆ ಬಂದಾಗಿತ್ತು. ದಿನಕ್ಕೆ ಇನ್ನೂರು ಸಲ ಬರುವ ಮಾತು, ಕರೆಯುವುದೇ ಬೇಕಿಲ್ಲ. ತೊಡೆಯ ಮೇಲೆ ಆ ತಣ್ಣನೆಯ ಕೈ ಇನ್ನೂ ಇದ್ದ ಹಾಗೆ ಅನ್ನಿಸುತ್ತಿತ್ತು. ಬಾಯಿ ಒಣಗಿತ್ತು. ಅವಳು ಆ ಮಾತನ್ನು ನುಂಗಿದಳು.

"ಹೇಳಲ್ಲ."

"ಏನು?"

"ಹೇಳಲ್ಲ. ನಾನು ಪಲ್ಲಕ್ಕಿ. ಯಾವ ಪಲ್ಲಕ್ಕಿಯಾದ್ರೂ ನಿಮ್ಮ ಹತ್ರ ಕ್ಷಮೆ ಕೇಳಿದೆಯಾ?"

ದೈಗೋ ನಿಜವಾಗಿಯೂ ನೆನಪು ಮಾಡಿಕೊಂಡ. "ಇಲ್ಲ," ಎಂದ. "ಯಾವತ್ತೂ ಕೇಳಿಲ್ಲ."

"ಮತ್ತೆ? ತಿರುಗಿಸಿ. ಮೊದಲ ಬಾಗಿಲು."

ತಿರುಗಿಸಿದರು.

ಮೊದಲ ಬಾಗಿಲು ತೋಫು ಅಂಗಡಿ. ಮೆಟ್ಟಿಲು ಹತ್ತು, ಒಳಗೆ ತಿರುಗು, ಮೆಟ್ಟಿಲು ಇಳಿ. ಪಲ್ಲಕ್ಕಿ ಬಂದ ಮೇಲೆ ಹೊತ್ತವರಿಗೆ 'ಸಾಕೆ' ಎಂಬ ಅಕ್ಕಿಯ ಮದ್ಯ ಕೊಡಬೇಕು. ಕೊಟ್ಟರು. ಎರಡನೆಯ ಬಾಗಿಲಲ್ಲೂ ಕೊಟ್ಟರು. ಮೂರನೆಯ ಬಾಗಿಲಲ್ಲಿ ಮೇಲಂತಸ್ತಿನಿಂದ ಒಬ್ಬಳು ಬಟ್ಟೆ ಒಣಹಾಕುತ್ತ ಇಣುಕಿದಳು. ಹಿಂದೆಯೇ ಬರುತ್ತಿದ್ದ ತೋಕಿ ಅಜ್ಜಿ ಗುಡುಗಿದಳು:

"ಇಳಿಯೇ ಕೆಳಗೆ! ದೇವರನ್ನ ಮೇಲಿಂದ ನೋಡ್ತೀಯಾ?"

ಅವಳು ಒದ್ದೆ ಪೈಜಾಮ ಹಿಡಿದುಕೊಂಡೇ ಓಡಿ ಬಂದು ಚಿಗುಸಾಳಿಗೆ ಕೈಮುಗಿದಳು. ಚಿಗುಸಾಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಪೈಜಾಮಕ್ಕೆ ಒಳ್ಳೆಯದಾಗಲಿ ಎಂದಳು.

ನಾಲ್ಕನೆಯ ಬಾಗಿಲಿಗೆ ಮುಕಾಯ್ ಕೋಲಿಗೆ ಇನ್ನೊಂದು ಹೆಗಲು ಕೊಟ್ಟ. ಕತ್ತರಿ ಹಿಡಿದ ಕೈ ಅವನದು. ಆರನೆಯದಕ್ಕೆ ತೋಫುವಿನವನು ಅಳತೊಡಗಿದ.

"ಸೋಯಾ ಮೂಟೆ ಕೂಡ ಇಷ್ಟು ಭಾರ ಇರಲ್ಲ."

"ಮೂಟೆ ಮಾತಾಡಲ್ಲ," ಎಂದ ದೈಗೋ.

"ಎಡಕ್ಕೆ ವಾಲ್ತಿದೆ," ಎಂದಳು ಚಿಗುಸಾ ಮೇಲಿಂದ. "ಪಲ್ಲಕ್ಕಿ ಎಡಕ್ಕೆ ವಾಲಿದ್ರೆ ಏನಾಗುತ್ತೆ, ಅಜ್ಜಿ?"

"ಎಡಗಡೆ ಅಂಗಡಿಗಳಿಗೆ ಕೇಡು."

ಎಡಗಡೆಯ ಅಂಗಡಿಯವರೆಲ್ಲ ಓಡಿ ಬಂದು ಬಲಕ್ಕೆ ನೂಕಿದರು. ಆಗ ಬಲಗಡೆಯವರು ಓಡಿ ಬಂದರು. ಕುರ್ಚಿ ನಡುಬೀದಿಯಲ್ಲಿ ದೋಣಿಯ ಹಾಗೆ ತೂಗಾಡಿತು. ಚಿಗುಸಾಳಿಗೆ ಭಯವಾಯಿತು. ನಗುವೂ ಬಂತು. ಕುಡಿದ ಆರು ಜನರ ಹೆಗಲ ಮೇಲೆ ಅವಳ ಸೊಂಟ, ಅವಳ ಬೆನ್ನುಮೂಳೆ, ಅವಳ ಜೀವ. ಬಿದ್ದರೆ ಮುರಿಯುವುದು ಅವಳದೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಕೈಯಲ್ಲೂ ಕುರ್ಚಿಯ ತೋಳು ಹಿಡಿದು, "ಮುಂದೆ," ಎಂದಳು.

ಒಂಬತ್ತನೆಯ ಬಾಗಿಲು ಹೋಂಜೋ ಅವರದೇ. ಅವಳು ಒಳಗೆ ಬಂದ ಕೂಡಲೇ ರೂಢಿಯ ಪ್ರಕಾರ ಅವರ ಕೈ ಎಂಟನೆಯ ಜೊತೆ ಚಪ್ಪಲಿಗೆ ಹೋಯಿತು.

"ಇದು ಹೊಸಾದು. ಕೆಂಪು ಪಟ್ಟಿ."

"ಬೇಡ."

ಹೋಂಜೋ ಕಣ್ಣು ಪಿಳುಕಿಸಿದರು. ಆ ಮಾತನ್ನು ಅವಳ ಬಾಯಿಂದ ಅವರು ಕೇಳಿರಲಿಲ್ಲ.

"ಪಲ್ಲಕ್ಕಿ ಚಪ್ಪಲಿ ಕೊಳ್ಳಲ್ಲ, ಅಧ್ಯಕ್ಷರೇ."

ಹನ್ನೊಂದನೆಯ ಬಾಗಿಲಲ್ಲಿ ಹೊತ್ತವರ ಶಕ್ತಿ ಮುಗಿಯಿತು. ಮುಕಾಯ್ ಒಂದು ಮಂಡಿ ಊರಿದ. ಕೋಲಿನ ಕೆಳಗೆ ಹೋಂಜೋ ತಾವೇ ಹೆಗಲು ಕೊಟ್ಟರು, ಕೊಟ್ಟವರು 'ಹುಂ' ಎಂದರು, ಮತ್ತೆ ನೇರವಾಗಲಿಲ್ಲ. ಪಲ್ಲಕ್ಕಿ ಇಡುವ ಮರದ ಕಾಲುಮಣೆ ಗುಡಿಯೊಳಗಿತ್ತು. ಬೀಗದ ಕೈ ಪೂಜಾರಿಯ ಹತ್ತಿರ, ಪೂಜಾರಿ ಮಗಳ ಊರಿನಲ್ಲಿ. ನೆಲಕ್ಕೆ ಇಡುವ ಹಾಗಿಲ್ಲ. ಹೊರಲು ಆಗುವುದಿಲ್ಲ. ಆರು ಜನ ಹಾಗೇ ನಿಂತರು. ಬೆವರು ಕಲ್ಲಿನ ಮೇಲೆ ತೊಟ್ಟಿಕ್ಕಿತು.

"ಅಜ್ಜಿ," ಎಂದ ದೈಗೋ ಹಲ್ಲು ಕಚ್ಚಿ, "ಹಲಗೆ ನೆಲವಾ?"

ತೋಕಿ ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಅಷ್ಟು ಹೊತ್ತು ಬೇಕಿರಲಿಲ್ಲ ಎಂದು ಎಲ್ಲರಿಗೂ ಅನ್ನಿಸಿತು.

"ನೆಲ ನೆಲ. ಹಲಗೆ ಹಲಗೆ."

"ಹಲಗೆ ತನ್ರೋ!" ದೈಗೋ ಕಿರುಚಿದ.

ಹೆಂಡಿರು ಓಡಿದರು. ಮೀನು ಒಣಗಿಸುವ ಹಲಗೆ ಬಂತು. ತೋಫು ಒತ್ತುವ ಹಲಗೆ ಬಂತು. ಕ್ಷೌರದಂಗಡಿಯ ಬೆಂಚು, ಯಾರದೋ ಕಿಟಕಿಯ ಕದ, ಉಪ್ಪಿನಕಾಯಿ ಪೀಪಾಯಿಯ ಮುಚ್ಚಳ ಬಂದವು. ಬೀದಿಯುದ್ದಕ್ಕೂ ಸಾಲಾಗಿ ಹಾಸಿದರು. ಪ್ರತಿ ಮೆಟ್ಟಿಲಿಗೂ ಎರಡೆರಡು ಉದ್ದನೆಯ ಹಲಗೆ ಒರಗಿಸಿದರು. ಕುರ್ಚಿ ಇಳಿಸಿ, ಕೋಲು ಬಿಚ್ಚಿ, ಆರೂ ಜನ ಬೀದಿಯಲ್ಲಿ ಅಂಗಾತ ಬಿದ್ದರು.

ಚಿಗುಸಾ ಬೆರಳಿಟ್ಟು ಗುಂಡಿ ತಳ್ಳಿದಳು. ಮೋಟಾರು ಗುಂಯ್ ಎಂದಿತು. ಹನ್ನೆರಡನೆಯ ಬಾಗಿಲು. ಹತ್ತಿದಳು, ತಿರುಗಿದಳು, ಇಳಿದಳು. ಹದಿಮೂರು. ಹದಿನಾಲ್ಕು. ಮೀನಿನ ಹಲಗೆಯ ಮೇಲೆ ಗಾಲಿ ಸ್ವಲ್ಪ ಜಾರಿತು, ನಿಂತಿತು. ಹನ್ನೊಂದು ಬಾಗಿಲಿಗೆ ಎರಡು ಗಂಟೆ ಹಿಡಿದಿತ್ತು. ಉಳಿದ ಹದಿನೈದಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು.

ತೋಕಿ ಅಜ್ಜಿಯ ಅಂಗಡಿಯೊಳಗೆ ಅವಳು ಹೊಕ್ಕಾಗ ಹಿಂದೆಯೇ ತೀರ್ಪುಗಾರರು, ಫೋಟೋದವನು, ಬೀದಿಯ ಅರ್ಧ ಜನ ನುಗ್ಗಿದರು. ಚಪ್ಪಾಳೆ ಬಿತ್ತು. ಅವಳು ಒಂದು ಬಟ್ಟಲಿಗೆ ಕೈ ಚಾಚಿದಳು. ಫೋಟೋದವನು, "ಇತ್ತ ನೋಡಿ," ಎಂದ. ನಾಲ್ಕು ಜನ ಆ ಬಟ್ಟಲನ್ನು ಎತ್ತಿಕೊಡಲು ಒಟ್ಟಿಗೇ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ದೇವರಾದರೂ ಬಟ್ಟಲು ನೋಡಲು ಬಿಡುವುದಿಲ್ಲ ಇವರು.

ಹಿರಿಯ ತೀರ್ಪುಗಾರ ಹೊರಗೆ ಬಂದು ಹಲಗೆಯನ್ನು ಕಾಲಲ್ಲಿ ಒತ್ತಿ ನೋಡಿದ. "ಇಷ್ಟು ಸುಲಭ ಇದ್ರೆ ಮೊದಲೇ ಯಾಕೆ ಹಾಕ್ಲಿಲ್ಲ?"

ಹೋಂಜೋ ಬಗ್ಗಿದ ಸೊಂಟದಲ್ಲೇ, ಕೆಳಗಿನಿಂದ, "ನೋಟ..." ಎಂದರು. ನೋಡಿದವರಿಗೆ ಅವರು ನಮಸ್ಕಾರ ಮಾಡುತ್ತಿದ್ದ ಹಾಗಿತ್ತು. ಬಹುಮಾನ ಬೇರೆ ಬೀದಿಗೆ ಹೋಯಿತು.

ಸೋಮವಾರ ಬೆಳಗ್ಗೆ ಹೋಂಜೋ ಕೈಗಾಡಿ ತಳ್ಳಿಕೊಂಡು ಹಲಗೆ ಒಟ್ಟುಮಾಡಲು ಬಂದರು. ತೋಕಿ ಅಜ್ಜಿಯ ಬಾಗಿಲಿಗೆ ಬಂದಾಗ ಹಲಗೆಯ ಮೇಲೆ ಚಿಗುಸಾಳ ಕುರ್ಚಿ ನಿಂತಿತ್ತು. ಬ್ರೇಕು ಹಾಕಿತ್ತು.

"ಕುರ್ಚಿ-ಸಾನ್, ಸ್ವಲ್ಪ ಜರುಗಿ. ಹಲಗೆ ತೆಗೀಬೇಕು."

"ನನ್ನ ಹೆಸರು ಚಿಗುಸಾ. ಜರುಗಲ್ಲ."

"ಹೊರೋಕೆ ನಾವಿದ್ದೀವಲ್ಲ. ಮನಸ್ಸು..."

"ಸರಿ, ಹೊರಿ. ದಿನಾ ಬರ್ತೀನಿ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಇಪ್ಪತ್ತಾರು ಬಾಗಿಲೂ. ಏನೂ ಕೊಳ್ಳಲ್ಲ. ಕ್ಷಮೆ ಕೇಳಲ್ಲ. ಕೈ ಹಾಕೋ ಮುಂಚೆ ನನ್ನ ಕೇಳ್ಬೇಕು, ಎಲ್ಲಿ ಹಿಡೀಬೇಕು ಅಂತ ನಾನು ಹೇಳ್ತೀನಿ. ಕರೀರಿ ನಿಮ್ಮವರನ್ನ."

ಹೋಂಜೋ ಸೀಟಿ ಊದಿದರು. ದೈಗೋ ಎದುರಿನ ಅಂಗಡಿಯಿಂದ ಗೋಡೆ ಹಿಡಿದು ಬಂದ. ಬೆನ್ನಿಗೆ ಅಂಟಿಸಿದ ನೋವಿನ ಪಟ್ಟಿಯ ವಾಸನೆ ಮೀನಿನ ವಾಸನೆಯನ್ನೂ ಮೀರಿತ್ತು.

"ಅಧ್ಯಕ್ಷರೇ, ಮುಕಾಯ್‌ಗೆ ಇವತ್ತು ಕತ್ತರಿ ಎತ್ತೋಕೆ ಆಗ್ತಿಲ್ಲ. ತೋಫು-ಸಾನ್ ಹಾಸಿಗೆಯಿಂದ ಎದ್ದಿಲ್ಲ. ನೀವು ಹಲಗೆ ತೆಗೀರಿ, ನಾನು ಬೇಡ ಅನ್ನಲ್ಲ. ಆದ್ರೆ ನಾಳೆ ಹೊರೋರು ನೀವೊಬ್ರೇ."

ಆಮೇಲೆ ಚಿಗುಸಾಳ ಕಡೆ ತಿರುಗಿ, ಎಲ್ಲಿ ನೋಡಬೇಕೋ ತಿಳಿಯದೆ ಅವಳ ಗಾಲಿ ನೋಡುತ್ತ, "ನಿನ್ನೆ ಕೇಳದೆ ಮುಟ್ದೆ," ಎಂದ.

"ಹೌದು, ಮುಟ್ಟಿದ್ರಿ," ಎಂದಳು ಚಿಗುಸಾ. ಪರವಾಗಿಲ್ಲ ಎನ್ನಲಿಲ್ಲ.

ಹೋಂಜೋ ಗಾಡಿ ತಿರುಗಿಸಿದರು. ಎಲ್ಲ ಹಲಗೆಯೂ ಉಳಿಯಲಿಲ್ಲ. ಹದಿನಾಲ್ಕು ಬಾಗಿಲಲ್ಲಿ ಉಳಿದವು, ಹನ್ನೆರಡರಲ್ಲಿ ಕಲ್ಲು ಮತ್ತೆ ಬೋಳಾಯಿತು. ಆ ಹನ್ನೆರಡರ ಪಟ್ಟಿ ಅವಳು ಬರೆದಿಟ್ಟುಕೊಂಡಳು.

ಮಧ್ಯಾಹ್ನ ಪಿಂಗಾಣಿ ಅಂಗಡಿಯಲ್ಲಿ ಯಾರೂ ಇರಲಿಲ್ಲ. ತೋಕಿ ಅಜ್ಜಿ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಟೀವಿಯಲ್ಲಿ ಸುಮೋ ಕುಸ್ತಿ ನೋಡುತ್ತಿದ್ದಳು. ಚಿಗುಸಾ ಹಲಗೆ ಹತ್ತಿ ಒಳಗೆ ಬಂದಳು. ಅಜ್ಜಿ ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ಚಿಗುಸಾ ಒಂದು ಬಟ್ಟಲು ಎತ್ತಿದಳು. ಬಲವಿಲ್ಲದ ಬೆರಳು, ಬಟ್ಟಲು ನಡುಗಿತು.

"ಒಡೆದ್ರೆ ನಿಂದೇ," ಎಂದಳು ಅಜ್ಜಿ, ಟೀವಿ ನೋಡುತ್ತಲೇ.

ಒಡೆಯಲಿಲ್ಲ. ತಿರುಗಿಸಿ ತಳ ನೋಡಿದಳು. ಇಟ್ಟಳು. ಇನ್ನೊಂದು ಎತ್ತಿದಳು. ನೀಲಿ ಗೆರೆಯದು, ಮೊಲದ ಚಿತ್ರದ್ದು, ಚಿತ್ರವೇ ಇಲ್ಲದ್ದು.

"ಇದರ ಅಂಚು ಸೀಳಿದೆ, ಅಜ್ಜಿ."

"ಅದಕ್ಕೇ ಅಲ್ಲವಾ ಕೆಳಗಿನ ಸಾಲಲ್ಲಿ ಇಟ್ಟಿರೋದು?"

ಅರ್ಧ ಗಂಟೆಯಲ್ಲಿ ನಲವತ್ತು ಬಟ್ಟಲು ನೋಡಿದಳು. ಒಂದೂ ಇಷ್ಟವಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಗುಂಡಿ ತಳ್ಳಿ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು.

"ಏನೂ ತಗೊಳ್ಳಲ್ವಾ?" ಎಂದಳು ಅಜ್ಜಿ. ಈ ಸಲ ತಲೆ ಎತ್ತಿದಳು.

"ಇಲ್ಲ."

"ಬಾಗಿಲು ಹಾಕ್ಕೊಂಡು ಹೋಗು. ಚಳಿ ಬರ್ತಿದೆ."

ಸರಿಸುವ ಬಾಗಿಲು ಭಾರವಾಗಿತ್ತು. ಮೂರು ಸಲ ಎಳೆದಳು, ಮೂರನೆಯ ಸಲಕ್ಕೆ ಮುಚ್ಚಿಕೊಂಡಿತು. ಒಳಗಿನಿಂದ ಅಜ್ಜಿಯ ಗೊಣಗಾಟ ಕೇಳಿಸಿತು. ಅರ್ಧ ಗಂಟೆ ಎಲ್ಲಾ ಮುಟ್ಟಿದ್ಲು, ಮೊಲದ ಜಾಗದಲ್ಲಿ ನೀಲೀದು ಇಟ್ಟಿದ್ದಾಳೆ, ಈಗಿನ ಹುಡುಗೀರಿಗೆ ಕೊಳ್ಳೋ ಯೋಗ್ಯತೆ ಇಲ್ಲ, ಮುಟ್ಟೋ ಚಪಲ ಮಾತ್ರ.

ಚಿಗುಸಾ ಹಲಗೆಯ ನಡುವೆ ಕುರ್ಚಿ ನಿಲ್ಲಿಸಿದಳು. ಒಂದೊಂದು ಬೈಗುಳವನ್ನೂ ಪೂರ್ತಿ ಕೇಳಿಸಿಕೊಂಡಳು. ಅಜ್ಜಿ ಮುಗಿಸಿದ ಮೇಲೆ ಬ್ರೇಕು ಬಿಟ್ಟು ಕೆಳಗಿಳಿದಳು.